ದೊಡ್ಡ ಡಿಸ್ಕ್ ಹಾಕಿಸಿದರೆ ಆಗುಂಬೆ ಘಾಟಿ ಇಳಿದೀತೇ?

ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವ ಕಡೆ ಒಂದು ಭಾನುವಾರ ಅರ್ಧ ಗಂಟೆ ನಿಂತು ನೋಡಿ. ಮೇಲಿನಿಂದ ಬಂದ ಕಾರುಗಳಲ್ಲಿ ಒಂದಲ್ಲ ಒಂದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಇಳಿದವರು ಮೂಗು ಮುಚ್ಚಿಕೊಂಡು, “ಎಂತದೋ ಸುಟ್ಟ ವಾಸನೆ ಮಾರಾಯ” ಅನ್ನುತ್ತಾರೆ. ಮುಂದಿನ ಚಕ್ರದ ಸಂದಿಯಿಂದ ಸಣ್ಣಗೆ ಹೊಗೆ ಏಳುತ್ತಿರುತ್ತದೆ. ಅಷ್ಟರಲ್ಲಿ ಗುಂಪಿನ ಬುದ್ಧಿವಂತನೊಬ್ಬ ಕುಡಿಯುವ ನೀರಿನ ಬಾಟಲಿ ತಂದು ಚಕ್ರಕ್ಕೇ ಸುರಿಯುತ್ತಾನೆ. ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ ಎನ್ನುತ್ತದೆ. ಎಲ್ಲರೂ ನಗುತ್ತಾರೆ. ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ.

ನಗುವ ವಿಷಯವಲ್ಲ ಇದು. ಆ ಹೊಗೆಯ ಹಿಂದೆ ಒಂದು ಜೀವ ಹೋಗಬಹುದಾದ ಲೆಕ್ಕ ಇದೆ. ಆ ಲೆಕ್ಕ ಹೇಳುವುದಕ್ಕೇ ಈ ವಾರದ ಅಂಕಣ.

ಪೆಡಲು ನೆಲ ಮುಟ್ಟಿತು

ಕಳೆದ ದೀಪಾವಳಿಗೆ ನಮ್ಮ ಕಡೆಯ ಹುಡುಗನೊಬ್ಬ ಬೆಂಗಳೂರಿನಿಂದ ಊರಿಗೆ ಬಂದಿದ್ದ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡು ಓಡುವ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್ ಆದರೂ ಬೆಲೆ ನಮ್ಮಂಥವರ ಒಂದು ಮನೆಗೆ ಸಮ. ಹಬ್ಬ ಮುಗಿದ ಮಾರನೆಯ ದಿನ ಅಪ್ಪಯ್ಯನನ್ನು ಕೂರಿಸಿಕೊಂಡು ಉಡುಪಿಗೆ ಹೊರಟ. ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಹನ್ನೊಂದು ಕಳೆದವು. ಹನ್ನೆರಡನೆಯದರ ಮೊದಲು ಬ್ರೇಕ್ ಒತ್ತಿದರೆ ಕಾಲಿನಡಿ ಏನೂ ಇಲ್ಲ! ಪೆಡಲು ಹತ್ತಿಯ ದಿಂಬಿನ ಹಾಗೆ ನೆಲದವರೆಗೆ ಹೋಯಿತು. ಹುಡುಗ ಧೈರ್ಯ ಬಿಡದೆ ಗೇರು ಇಳಿಸಿದ, ಪೆಡಲನ್ನು ನಾಲ್ಕೈದು ಸಲ ಬಡಬಡನೆ ಒತ್ತಿದ, ಹ್ಯಾಂಡ್‌ಬ್ರೇಕ್ ಎಳೆದ, ಕಾರನ್ನು ಗುಡ್ಡದ ಬದಿಯ ಚರಂಡಿಗೆ ಸವರಿ ನಿಲ್ಲಿಸಿದ. ಇನ್ನೊಂದು ಬದಿಗೆ ಹೋಗಿದ್ದರೆ ಈ ಕಥೆ ಹೇಳಲು ಇಬ್ಬರೂ ಇರುತ್ತಿರಲಿಲ್ಲ.

ಅಪ್ಪಯ್ಯ ಒಂದು ಮಾತೂ ಆಡಲಿಲ್ಲವಂತೆ. ಇಳಿದು, ಪಂಚೆ ಸರಿ ಮಾಡಿಕೊಂಡು, “ನಾನು ಬಸ್ಸಿಗೆ ಬರ್ತೇನೆ” ಅಂದರಂತೆ. ಮಗನಿಗೆ ತಗುಲಿದ್ದು ಆ ಮಾತು.

ಮರುದಿನ ಕಾರು ತೀರ್ಥಹಳ್ಳಿಯ ಒಂದು ಗ್ಯಾರೇಜಿಗೆ ಬಂತು. ನನ್ನ ಸ್ಕೂಟರಿನ ಕ್ಲಚ್ ಕೇಬಲ್ ಕಾಯುತ್ತ ನಾನೂ ಅಲ್ಲೇ ಕೂತಿದ್ದೆ. ಹುಡುಗನ ಕೈಯಲ್ಲಿ ಫೋನು, ಫೋನಿನಲ್ಲಿ ಬೆಂಗಳೂರಿನ ಅಂಗಡಿಯೊಂದು ಕಳಿಸಿದ ಕೊಟೇಶನ್ನು: ಮುಂದಿನ ಎರಡು ಚಕ್ರಕ್ಕೆ ದೊಡ್ಡ ಫ್ಲೋಟಿಂಗ್ ಡಿಸ್ಕು, ದೊಡ್ಡ ಕ್ಯಾಲಿಪರು, ಎಲ್ಲ ಸೇರಿ ಮೂರು ಲಕ್ಷದ ಮೇಲೆ.

“ಹಾಕಿಸ್ತೇನೆ ಮೇಸ್ತ್ರಿ, ದುಡ್ಡಿನ ಚಿಂತೆ ಇಲ್ಲ. ಇನ್ನೊಂದ್ಸಲ ಹೀಗಾಗಬಾರದು.”

ಮೇಸ್ತ್ರಿ ಕೈ ಒರೆಸಿಕೊಂಡು ಕೇಳಿದರು: “ಹಾಕ್ಸು ತಮ್ಮಾ, ಬೇಡ ಅನ್ನೋನು ನಾನ್ಯಾರು? ಆದ್ರೆ ಬ್ರೇಕ್ ಆಯಿಲ್ ಬದಲಾಯ್ಸಿ ಎಷ್ಟು ವರ್ಷ ಆಯ್ತು ಹೇಳು ಮೊದ್ಲು.”

ಹುಡುಗನಿಗೆ ಗೊತ್ತಿರಲಿಲ್ಲ. ಕಾರು ಕೊಂಡಾಗಿನಿಂದ ಆ ಡಬ್ಬಿಯ ಮುಚ್ಚಳ ತೆಗೆದದ್ದೇ ಇಲ್ಲ.

ಎರಡು ಕೊಡ ನೀರಿನ ಲೆಕ್ಕ

ಬ್ರೇಕು ಎಂದರೆ ಏನು? ಓಡುವ ಗಾಡಿಯ ಓಟವನ್ನು ಬಿಸಿಯಾಗಿ ಬದಲಾಯಿಸುವ ಯಂತ್ರ, ಅಷ್ಟೆ. ಜನ ಸೇರಿ ಒಂದೂವರೆ ಟನ್ ತೂಗುವ ಕಾರು ಐನೂರು ಮೀಟರ್ ಎತ್ತರದಿಂದ ಕೆಳಗಿಳಿಯಿತು ಎನ್ನಿ. ಆ ಇಳಿತದ ಶಕ್ತಿಯನ್ನೆಲ್ಲ ಬ್ರೇಕೇ ನುಂಗಿದರೆ ಹುಟ್ಟುವ ಬಿಸಿಗೆ ಇಪ್ಪತ್ತು ಲೀಟರಿಗೂ ಹೆಚ್ಚು ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ನಮ್ಮ ಬಚ್ಚಲು ಹಂಡೆಗೆ ಎರಡು ಕೊಡ ನೀರು ತುಂಬಿ, ಒಲೆ ಹಚ್ಚದೆ ಬರೀ ಬ್ರೇಕಿನಿಂದ ಕಾಯಿಸಿದ ಹಾಗೆ. ಇದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆ ಬೀಳುತ್ತದೆ. ಬಯಲು ದಾರಿಯಲ್ಲಿ ನೂರು ಕಿಲೋಮೀಟರ್ ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಬಿಸಿ ಎರಡು ಲೀಟರಿಗೂ ಸಾಲದು. ವ್ಯತ್ಯಾಸ ನೋಡಿ!

ಬಿಸಿ ಹೆಚ್ಚಾದಾಗ ಬ್ರೇಕು ಎರಡು ರೀತಿ ಕೈ ಕೊಡುತ್ತದೆ. ಈ ಎರಡನ್ನು ಬೇರೆ ಬೇರೆಯಾಗಿ ಗುರುತಿಸಲು ಪ್ರತಿ ಡ್ರೈವರನೂ ಕಲಿಯಬೇಕು.

ಮೊದಲನೆಯದು ಪ್ಯಾಡು ಸೋಲುವುದು. ಪೆಡಲು ಕಲ್ಲಿನ ಹಾಗೆ ಗಟ್ಟಿ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಲ್ಲುವುದಿಲ್ಲ. ಪ್ಯಾಡಿನ ಮಸಾಲೆ ಅದರ ಮಿತಿ ಮೀರಿ ಕಾದು ಹಿಡಿತ ಬಿಟ್ಟಿರುತ್ತದೆ.

ಎರಡನೆಯದು ಬ್ರೇಕ್ ಆಯಿಲ್ ಕುದಿಯುವುದು. ಆಯಿಲ್ ಎಂದು ಎಲ್ಲರೂ ಕರೆಯುವ ಈ ದ್ರವಕ್ಕೆ ಗಾಳಿಯ ತೇವ ಹೀರುವ ಚಾಳಿ ಇದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವ ಕಡಿಮೆಯೆಂದರೂ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದೇ ದ್ರವಕ್ಕೆ ನಿಯಮ ಕೇಳುವುದು 155 ಡಿಗ್ರಿ ಮಾತ್ರ. ಡಾಟ್ 3ಕ್ಕೆ ಇವೇ ಅಂಕಿಗಳು 205 ಮತ್ತು 140. ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದಕ್ಕೆ ಸಾಗಿಸುತ್ತದೆ, ಆವಿಯನ್ನು ಒತ್ತಿದರೆ ಅದು ಸುಮ್ಮನೆ ಕುಗ್ಗುತ್ತದೆ. ಪೆಡಲು ನೆಲಕ್ಕೆ ಹೋಗುತ್ತದೆ. ನಮ್ಮ ಹುಡುಗನಿಗೆ ಆದದ್ದು ಇದು. ಮಳೆಗಾಲದಲ್ಲಿ ಹಪ್ಪಳ ಡಬ್ಬಿಯಲ್ಲೇ ಮೆತ್ತಗಾಗುವ ಮಲೆನಾಡಿನವರಿಗೆ ತೇವ ಎಂದರೇನೆಂದು ಬೇರೆ ಹೇಳಬೇಕೆ?

ಡಿಸ್ಕು ‘ತೇಲುವುದು’ ಎಂದರೆ?

ಹಾಗಾದರೆ ಆ ಮೂರು ಲಕ್ಷದ ಡಿಸ್ಕು ಮೋಸವೋ? ಅಲ್ಲ. ಅದರ ಕೆಲಸ ಬೇರೆ.

ಡಿಸ್ಕು ದೊಡ್ಡದಾದಷ್ಟೂ ಪ್ಯಾಡು ಚಕ್ರದ ನಡುವಿನಿಂದ ದೂರದಲ್ಲಿ ಹಿಡಿಯುತ್ತದೆ. ಉದ್ದ ಹಾರೆಯಲ್ಲಿ ಕಲ್ಲು ಮೀಟಿದ ಹಾಗೆ, ಅದೇ ಒತ್ತಿಗೆ ಹೆಚ್ಚು ಬಲ. ಜೊತೆಗೆ ಕಬ್ಬಿಣ ಹೆಚ್ಚಾದ್ದರಿಂದ ಅದೇ ಬಿಸಿಗೆ ನಿಧಾನವಾಗಿ ಕಾಯುತ್ತದೆ, ಗಾಳಿಗೆ ಒಡ್ಡುವ ಮೈ ದೊಡ್ಡದಾದ್ದರಿಂದ ಬೇಗ ಆರುತ್ತದೆ.

‘ಫ್ಲೋಟಿಂಗ್’ ಎಂದರೆ ತೇಲುವ ಡಿಸ್ಕು. ಸಾಮಾನ್ಯ ಡಿಸ್ಕಿನಲ್ಲಿ ಉಜ್ಜುವ ಬಳೆ, ನಡುವಿನ ಟೋಪಿ ಎರಡೂ ಒಂದೇ ಎರಕ. ಬಳೆ ಕಾದು ಹಿಗ್ಗುತ್ತದೆ, ಟೋಪಿ ಅಷ್ಟು ಕಾಯುವುದಿಲ್ಲ. ಹಿಗ್ಗಲು ಜಾಗ ಸಿಗದ ಬಳೆ ಕೊಡೆಯ ಹಾಗೆ ಒಂದು ಬದಿಗೆ ಬಾಗುತ್ತದೆ. ನಮ್ಮಲ್ಲಿ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುತ್ತಿದ್ದುದನ್ನು ನೋಡಿದವರಿಗೆ ಇದು ತಟ್ಟನೆ ಅರ್ಥವಾದೀತು. ಪಟ್ಟಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ, ಚಕ್ರಕ್ಕೆ ಹಾಕಿ, ನೀರು ಹೊಯ್ದು ಬಿಗಿ ಮಾಡುತ್ತಿದ್ದರು. 330 ಮಿಲಿಮೀಟರಿನ ಡಿಸ್ಕು ನಾನೂರು ಡಿಗ್ರಿ ಹೆಚ್ಚು ಕಾದರೆ ಅದರ ಅಡ್ಡಳತೆ ಸುಮಾರು ಒಂದೂವರೆ ಮಿಲಿಮೀಟರ್ ಬೆಳೆಯುತ್ತದೆ. ಫ್ಲೋಟಿಂಗ್ ಡಿಸ್ಕಿನಲ್ಲಿ ಬಳೆ ಕಬ್ಬಿಣದ್ದು, ಟೋಪಿ ಅಲ್ಯೂಮಿನಿಯಂದು. ನಡುವೆ ಬಾಬಿನ್ ಎಂಬ ಗುಂಡಿಗಳು ಎರಡನ್ನೂ ಸಡಿಲವಾಗಿ ಹಿಡಿದಿರುತ್ತವೆ. ಬಳೆ ತನ್ನಷ್ಟಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ, ಬಾಗುವುದಿಲ್ಲ. ಚಕ್ರದ ತೂಕವೂ ಸ್ವಲ್ಪ ಇಳಿಯುತ್ತದೆ. ದೊಡ್ಡ ಬೈಕುಗಳ ಮುಂದಿನ ಡಿಸ್ಕಿನ ಸುತ್ತ ಇರುವ ಗುಂಡಿಗಳನ್ನು ನೋಡಿದ್ದರೆ ಇದೇ ಅದು. ಟಕಟಕ ಸದ್ದು ಬರುವುದುಂಟು. ಅದು ರೋಗವಲ್ಲ, ಗುಣ. ಆದರೆ ಎರಡು ತುಂಡು ಸೇರಿಸಿ ಬೋಲ್ಟು ಬಿಗಿದದ್ದೆಲ್ಲ ಫ್ಲೋಟಿಂಗ್ ಅಲ್ಲ. ಕೊಳ್ಳುವವರು ಕೇಳಿ ಕೊಳ್ಳಬೇಕು.

ಡಿಸ್ಕ್ ಬ್ರೇಕಿನ ಇತಿಹಾಸವೇ ಸ್ಪೋರ್ಟ್ಸ್ ಕಾರಿಗೆ ಅಂಟಿಕೊಂಡಿದೆ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1902ರಲ್ಲೇ ಪೇಟೆಂಟ್ ಪಡೆದಿದ್ದರೂ ಲೋಕ ಕಣ್ಣು ಬಿಟ್ಟದ್ದು 1953ರಲ್ಲಿ, ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸ್ ರೇಸನ್ನು ಗೆದ್ದಾಗ. ಇಪ್ಪತ್ತನಾಲ್ಕು ಗಂಟೆ ಓಡುವ ರೇಸಿನಲ್ಲಿ ಡ್ರಮ್ ಬ್ರೇಕಿನವರು ಬಿಸಿಗೆ ಸೋಲುತ್ತಿದ್ದರು. ಕಾರ್ಖಾನೆಗಳೂ ವೇಗ ಏರಿಸಿದಂತೆ ಡಿಸ್ಕು ಬೆಳೆಸುತ್ತ ಬಂದಿವೆ. ಮೊದಲ ಪೀಳಿಗೆಯ ಪೋರ್ಷೆ ಬಾಕ್ಸ್‌ಸ್ಟರಿಗೆ ಮುಂದೆ 298 ಮಿಲಿಮೀಟರ್, ಅದರಣ್ಣ ಬಾಕ್ಸ್‌ಸ್ಟರ್ ಎಸ್‌ಗೆ 318. ಬಿಎಂಡಬ್ಲ್ಯುದವರು ತಮ್ಮ ಎಂ3 ಕಾರಿನ 325 ಮಿಲಿಮೀಟರ್ ಫ್ಲೋಟಿಂಗ್ ಡಿಸ್ಕನ್ನು 2003ರ ಸಿಎಸ್‌ಎಲ್ ಮಾದರಿಗೆ 345ಕ್ಕೆ ಏರಿಸಿದರು.

ಅಂಗಡಿಯವರು ಹೇಳದ ಮಾತು

ಕಾರ್ಖಾನೆಯವರು ಬೆಳೆಸುವಾಗ ಇಡೀ ಕಾರಿನ ಲೆಕ್ಕ ಹಾಕುತ್ತಾರೆ. ನಾವು ಹಾಕಿಸುವಾಗ ಆ ಲೆಕ್ಕ ಯಾರು ಮಾಡುತ್ತಾರೆ? ಇದು ಪ್ರಶ್ನೆ.

ಒಂದು: ಗಾಡಿಯನ್ನು ಕೊನೆಗೆ ನಿಲ್ಲಿಸುವುದು ಟಯರು. ಈಗಿರುವ ಬ್ರೇಕೇ ಜೋರಾಗಿ ಒತ್ತಿದಾಗ ಎಬಿಎಸ್ ಕೆಲಸಕ್ಕೆ ತರುತ್ತದೆ ಎಂದಾದರೆ, ಡಿಸ್ಕು ಎಷ್ಟು ದೊಡ್ಡದು ಹಾಕಿದರೂ ಮೊದಲ ಸಲದ ನಿಲುಗಡೆ ಒಂದು ಗೇಣೂ ಕಡಿಮೆಯಾಗದು. ದೊಡ್ಡ ಡಿಸ್ಕಿನ ಲಾಭ ಹತ್ತನೆಯ ಸಲ, ಇಪ್ಪತ್ತನೆಯ ಸಲ ಒತ್ತಿದಾಗ.

ಎರಡು: ಮುಂದಿನ ಬ್ರೇಕು ಮಾತ್ರ ಬಲಿಷ್ಠವಾದರೆ ಮುಂದಿನ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ, ಹಿಂದಿನದು ಪಾಲಿನ ಕೆಲಸ ಮಾಡದೆ ಉಳಿಯುತ್ತದೆ. ನಿಲ್ಲುವ ದೂರ ಹೆಚ್ಚಾದರೂ ಆಶ್ಚರ್ಯವಿಲ್ಲ.

ಮೂರು: ಹೊಸ ಕ್ಯಾಲಿಪರಿನ ಪಿಸ್ಟನ್ ದೊಡ್ಡದಾದರೆ ಪೆಡಲು ಹೆಚ್ಚು ಆಳಕ್ಕೆ ಹೋಗುತ್ತದೆ. ಹಳೆಯ ರಿಮ್ಮಿನೊಳಗೆ ಕ್ಯಾಲಿಪರು ಕೂರದಿದ್ದರೆ ರಿಮ್ಮು ಬದಲಾಗಬೇಕು, ಅದರೊಂದಿಗೆ ಟಯರೂ. ಹೀಗೆ ಖರ್ಚಿನ ಬಾಲ ಹನುಮಂತನ ಬಾಲವಾಗುತ್ತದೆ.

ನಾಲ್ಕು: ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನವನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ನಿಯಮ ಮೀರಿದ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ ಎಂದಾಯಿತು. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಟಿಓ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ ಬರವಣಿಗೆಯಲ್ಲಿ ಕೇಳಿ ಉತ್ತರ ಪಡೆಯುವುದು ಜಾಣತನ. ಅಪಘಾತವಾದ ಮೇಲೆ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಚೆನ್ನೈ, ಕೊಯಮತ್ತೂರುಗಳ ರೇಸ್ ಟ್ರ್ಯಾಕಿಗೆ ಹೋಗಿ ಸುತ್ತಿನ ಮೇಲೆ ಸುತ್ತು ಹೊಡೆಯುವವನಿಗೆ ಫ್ಲೋಟಿಂಗ್ ಡಿಸ್ಕು ಬೇಕು, ಹಾಕಿಸಲಿ. ಅಪ್ಪಯ್ಯನನ್ನು ಕೂರಿಸಿಕೊಂಡು ಉಡುಪಿಗೆ ಹೋಗುವವನಿಗೆ ಬೇಕಾದದ್ದು ಮೇಸ್ತ್ರಿ ಕೇಳಿದ ಆ ಮೊದಲ ಪ್ರಶ್ನೆ.

ಕಾಫಿ ಡಿಕಾಕ್ಷನ್ ಬಣ್ಣ

ಮೇಸ್ತ್ರಿ ಅಂದು ಚಕ್ರ ಬಿಚ್ಚಿ, ಬ್ಲೀಡಿಂಗ್ ನಿಪ್ಪಲಿಗೆ ನಳಿಗೆ ಸಿಕ್ಕಿಸಿ, ಹಳೆಯ ದ್ರವ ಗಾಜಿನ ಬಾಟಲಿಗೆ ಇಳಿಸಿದರು. ತಿಳಿಜೇನಿನ ಬಣ್ಣ ಇರಬೇಕಾದದ್ದು ಡಿಕಾಕ್ಷನ್ನಿನ ಹಾಗೆ ಇಳಿಯಿತು. ಬಾಟಲಿ ಎತ್ತಿ ಹುಡುಗನ ಮುಖಕ್ಕೆ ಹಿಡಿದು, “ನೋಡು, ಇದನ್ನ ಹಾಗೇ ಬಿಟ್ಟು ನೀನು ಚಿನ್ನದ ಡಿಸ್ಕು ಹಾಕ್ಸಿದ್ರೂ ಇದು ಒಂದಿನ ಕುದೀತದೆ” ಅಂದರು. ಪ್ಯಾಡುಗಳು ಕಾಗದದಷ್ಟು ಉಳಿದಿದ್ದವು. ಡಿಸ್ಕು ಮಾತ್ರ ಅಳತೆಯಲ್ಲೇ ಇತ್ತು, ಬಿರುಕಿರಲಿಲ್ಲ.

ಹೊಸ ಡಾಟ್ 4 ದ್ರವ, ನಾಲ್ಕೂ ಚಕ್ರಕ್ಕೆ ಒಳ್ಳೆಯ ಪ್ಯಾಡು. ಪ್ಯಾಡು ಬಂದದ್ದು ನಾಲ್ಕು ದಿನ ತಡವಾಗಿ. ಖರ್ಚು ಕೊಟೇಶನ್ನಿನ ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಪ್ಯಾಡು ಹಾಕಿದ ಮೇಲೆ ಮೇಸ್ತ್ರಿ ಹುಡುಗನನ್ನು ಖಾಲಿ ರಸ್ತೆಗೆ ಕರೆದೊಯ್ದು, ಹದವಾಗಿ ಒತ್ತಿ, ಬಿಟ್ಟು, ಆರಲು ಬಿಟ್ಟು, ಮತ್ತೆ ಒತ್ತಿ ಪ್ಯಾಡನ್ನು ಡಿಸ್ಕಿಗೆ ಪಳಗಿಸಿದರು. ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು: “ಹತ್ತೋವಾಗ ಯಾವ ಗೇರೋ ಇಳಿಯೋವಾಗ ಅದೇ ಗೇರು. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಕೂರ್ಬೇಡ. ಒತ್ತಿ ವೇಗ ಇಳ್ಸು, ಬಿಟ್ಬಿಡು, ಆರ್ಲಿ.” ಆಟೋಮ್ಯಾಟಿಕ್ ಕಾರಿನವರಿಗೂ ಈ ಮಾತು ಸಲ್ಲುತ್ತದೆ. ಗೇರನ್ನು ಕೈಯಿಂದ ಇಳಿಸುವ ವ್ಯವಸ್ಥೆ ಅದರಲ್ಲೂ ಇರುತ್ತದೆ, ಡಿ-ಯಲ್ಲೇ ಬಿಟ್ಟು ಇಳಿಯಬಾರದು.

ಓದುಗರಿಗೆ ಈ ಅಂಕಣದ ವಿನಂತಿ ಇಷ್ಟೇ. ಬ್ರೇಕ್ ದ್ರವವನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಮಳೆಗಾಲ ಮುಗಿದೊಡನೆ ಪ್ಯಾಡು ನೋಡಿಸಿ. ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ತಾನಾಗಿ ಆರಲು ಬಿಡಿ. ದಯವಿಟ್ಟು ನೀರು ಮಾತ್ರ ಸುರಿಯಬೇಡಿ. ಕಾದ ಕಬ್ಬಿಣ ಬಿರುಕು ಬಿಟ್ಟರೆ ದೊಡ್ಡ ಡಿಸ್ಕೂ ಒಂದೇ, ಚಿಕ್ಕ ಡಿಸ್ಕೂ ಒಂದೇ. ಇನ್ನು ರಸ್ತೆಯ ಹೊಣೆ ಹೊತ್ತವರಿಗೆ ಒಂದು ಮಾತು: ಘಾಟಿಯ ತಲೆಯಲ್ಲಿ, ಜನ ಸೂರ್ಯಾಸ್ತ ನೋಡಿ ಕಾರು ಹತ್ತುವ ಕಡೆ, ‘ಕೆಳ ಗೇರಿನಲ್ಲಿ ಇಳಿಯಿರಿ’ ಎಂಬ ಫಲಕ ಎಷ್ಟು ದೊಡ್ಡದಿದ್ದರೂ ಹೆಚ್ಚಲ್ಲ.

ಹುಡುಗ ಬೆಂಗಳೂರಿಗೆ ಮರಳುವ ಹಿಂದಿನ ದಿನ ಅಪ್ಪಯ್ಯನನ್ನು ಮತ್ತೆ ಕರೆದ. ಅವರು ಮೊದಲು ಮೇಸ್ತ್ರಿಯ ಹತ್ತಿರ ಬಂದು, “ಹೋಗ್ಬಹುದೇನಪ್ಪಾ?” ಎಂದು ಕೇಳಿ, ಆಮೇಲೆ ಕಾರು ಹತ್ತಿದರು. ಎರಡನೆಯ ಗೇರಿನಲ್ಲಿ, ಗೊರ್ ಎನ್ನುವ ಇಂಜಿನ್ ಸದ್ದಿನಲ್ಲಿ ಹದಿನಾಲ್ಕೂ ತಿರುವು ಇಳಿದರಂತೆ. ಸೋಮೇಶ್ವರದಲ್ಲಿ ಅಪ್ಪಯ್ಯ ಕೆಳಗಿಳಿದು, ಮುಂದಿನ ಚಕ್ರದ ಹತ್ತಿರ ಬಗ್ಗಿ, ಮೂಸಿ ನೋಡಿದರಂತೆ.

“ವಾಸನೆ ಇಲ್ಲ. ನಡಿ, ಉಡುಪಿಯಲ್ಲಿ ಊಟ ಮಾಡ್ವ” ಅಂದರಂತೆ.