ವ್ಯಾಟ್ ಕೇಳಿ, ಬಿಸಿ ನೋಡಿ ಲ್ಯಾಪ್‌ಟಾಪ್ ಕೊಳ್ಳಿ

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ಅಕ್ಕನ ಮನೆಯಲ್ಲಿದ್ದೆ. ಮಧ್ಯಾಹ್ನದ ಹೊತ್ತು, ಹೊರಗೆ 42 ಡಿಗ್ರಿ ಬಿಸಿಲು. ಎಂಜಿನಿಯರಿಂಗ್ ಓದುವ ಸೋದರಳಿಯ ಹಿಂದಿನ ವರ್ಷ ಕೊಂಡ ಲ್ಯಾಪ್‌ಟಾಪಿನಲ್ಲಿ ಕಾರ್ ರೇಸ್ ಆಡುತ್ತಿದ್ದ. ಮೊದಲ ಹತ್ತು ನಿಮಿಷ ಕಾರು ಸರಾಗವಾಗಿ ಓಡಿತು. ಆಮೇಲೆ ಫ್ಯಾನಿನ ಸದ್ದು ಏರಿತು, ಕೀಬೋರ್ಡಿನ ಮೇಲ್ಭಾಗ ಬೆರಳಿಡಲಾಗದಷ್ಟು ಕಾಯಿತು, ಪರದೆಯ ಮೇಲಿನ ಕಾರು ಮುಗ್ಗರಿಸತೊಡಗಿತು. “ಮಾವ, ಬೆಂಗಳೂರಲ್ಲಿರೋ ನನ್ನ ಗೆಳೆಯನದೂ ಇದೇ ಗ್ರಾಫಿಕ್ಸ್ ಚಿಪ್. ಅವನದು ಹೀಗೆ ಮುಗ್ಗರಿಸೋದೇ ಇಲ್ಲ” ಎಂದ.

ಚಿಪ್‌ನ ಹೆಸರು ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಆದರೂ ಆಟದಲ್ಲಿ ಇಷ್ಟು ಅಂತರ. ಇದು ಎಲ್ಲಿಂದ ಬಂತು ಎಂದು ತಿಳಿದರೆ ಗೇಮಿಂಗ್ ಲ್ಯಾಪ್‌ಟಾಪ್ ಆರಿಸುವ ಕೆಲಸ ಮುಕ್ಕಾಲು ಪಾಲು ಮುಗಿದಂತೆ.

ಇಪ್ಪತ್ತು ಲಕ್ಷ ಎಲೆಯ ಪಂಕ್ತಿ

ಸಿನಿಮಾದ ದೃಶ್ಯ ಮೊದಲೇ ಚಿತ್ರೀಕರಿಸಿಟ್ಟದ್ದು. ಆಟದ ದೃಶ್ಯ ಆ ಕ್ಷಣದಲ್ಲಿ ಹುಟ್ಟುವಂಥದ್ದು. ನೀವು ಕೀಲಿ ಒತ್ತಿದ ಮೇಲೆ ಕಾರು ಎತ್ತ ತಿರುಗಿತು, ನೆರಳು ಎಲ್ಲಿ ಬಿತ್ತು, ಗಾಜಿನ ಮೇಲೆ ಏನು ಹೊಳೆಯಿತು ಎಂಬುದನ್ನೆಲ್ಲ ಲೆಕ್ಕ ಹಾಕಿ ಚಿತ್ರ ಬರೆಯಬೇಕು. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೂ ಸಿಗುವ ಸಮಯ 16.7 ಮಿಲಿಸೆಕೆಂಡ್, 144 ಚಿತ್ರ ಬೇಕೆಂದರೆ ಬರೀ 6.9. ಸಾಧಾರಣ ಫುಲ್ ಎಚ್‌ಡಿ ಪರದೆಯಲ್ಲಿ 1920 × 1080, ಅಂದರೆ 20,73,600 ಚುಕ್ಕೆಗಳಿವೆ. ಅಷ್ಟೂ ಚುಕ್ಕೆಗಳಿಗೆ ಆ ಸಮಯದೊಳಗೆ ಬಣ್ಣ ತುಂಬಬೇಕು.

ಮದುವೆಮನೆಯ ಊಟವನ್ನು ನೆನೆಸಿಕೊಳ್ಳಿ. ಏನು ಬಡಿಸಬೇಕು, ಯಾವಾಗ ಬಡಿಸಬೇಕು ಎಂದು ತೀರ್ಮಾನಿಸುವ ಹಿರಿಯ ಭಟ್ಟರು ಸಿಪಿಯು. ಸಾಲುಸಾಲು ಎಲೆಗಳಿಗೆ ಏಕಕಾಲಕ್ಕೆ ಬಡಿಸುತ್ತ ಹೋಗುವ ಹುಡುಗರ ದಂಡು ಜಿಪಿಯು, ಅಂದರೆ ಗ್ರಾಫಿಕ್ಸ್ ಚಿಪ್. ಭಟ್ಟರು ಎಷ್ಟೇ ಚುರುಕಾಗಿದ್ದರೂ ಇಪ್ಪತ್ತು ಲಕ್ಷ ಎಲೆಗೆ ಒಬ್ಬರೇ ಬಡಿಸಲಾರರು. 1999ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಜೀಫೋರ್ಸ್ 256 ಚಿಪ್ಪನ್ನು ‘ಜಿಪಿಯು’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದೇ ಕಂಪನಿಯ ಮಧ್ಯಮ ದರ್ಜೆಯ ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್‌ನಲ್ಲೇ 3072 ಕೋರ್‌ಗಳಿವೆ, ಅಂದರೆ ಬಡಿಸಲು ಅಷ್ಟು ಹುಡುಗರು. ಹಾಗಾಗಿ ಆಟಕ್ಕೆಂದು ಕೊಳ್ಳುವವರು ಮೊದಲು ದುಡ್ಡು ಹಾಕಬೇಕಾದ್ದು ಜಿಪಿಯು ಮೇಲೆ. ಅತಿ ದುಬಾರಿ ಸಿಪಿಯು ಜೊತೆಗೆ ಸೊರಗಿದ ಜಿಪಿಯು ಇರುವ ಯಂತ್ರಕ್ಕಿಂತ, ನಡುಮಟ್ಟದ ಸಿಪಿಯು ಜೊತೆಗೆ ಗಟ್ಟಿ ಜಿಪಿಯು ಇರುವುದೇ ಲೇಸು.

ಮದುವೆಮನೆಗೆ ಉಗ್ರಾಣವೂ ಬೇಕಲ್ಲ, ಜಿಪಿಯುಗೆ ಅದು ವಿಡಿಯೊ ಮೆಮೊರಿ. ಗೋಡೆ, ಮರ, ಮುಖಗಳ ಚಿತ್ರಗಳೆಲ್ಲ ಅಲ್ಲಿ ಕೈಗೆಟುಕುವಂತೆ ಇರುತ್ತವೆ. ಉಗ್ರಾಣ ತುಂಬಿದರೆ ದೂರದಲ್ಲಿರುವ ಮುಖ್ಯ ಮೆಮೊರಿಯಿಂದ, ಅಂದರೆ ರ್‍ಯಾಮ್‌ನಿಂದ, ಸಾಮಾನು ಹೊತ್ತು ತರಬೇಕು. ಆಗ ಪಂಕ್ತಿ ನಿಂತು ನಿಂತು ಸಾಗುತ್ತದೆ. ಆರ್‌ಟಿಎಕ್ಸ್ 5060 ಮತ್ತು 5070 ಲ್ಯಾಪ್‌ಟಾಪ್ ಚಿಪ್‌ಗಳು ಬಂದದ್ದು 8 ಜಿಬಿ ಉಗ್ರಾಣದೊಂದಿಗೆ, 5070 ಟಿಐ ಬಂದದ್ದು 12 ಜಿಬಿಯೊಂದಿಗೆ. ಫುಲ್ ಎಚ್‌ಡಿಯಲ್ಲಿ ಆಡುವವರಿಗೆ 8 ಬಹುತೇಕ ಸಾಕು. ದೊಡ್ಡ ಪರದೆ, ಹೆಚ್ಚು ವಿವರ, ಐದು ವರ್ಷದ ಬಾಳಿಕೆ ಬೇಕೆನ್ನುವವರು 12ರತ್ತ ನೋಡಬೇಕು.

ಒಂದೇ ಹೆಸರು, ಬೇರೆ ಕಸುವು

ಕೊಳ್ಳುವವರು ಎಡವುವುದು ಇಲ್ಲಿ. ಮೇಜಿನ ಮೇಲಿಡುವ ಕಂಪ್ಯೂಟರಿನ ಆರ್‌ಟಿಎಕ್ಸ್ 4090ರಲ್ಲಿ 16,384 ಕೋರ್‌ಗಳಿವೆ, ಅದಕ್ಕೆ 450 ವ್ಯಾಟ್ ವಿದ್ಯುತ್ ಬೇಕು. ಲ್ಯಾಪ್‌ಟಾಪಿನ 4090ರಲ್ಲಿ ಇರುವುದು 9728 ಕೋರ್‌ಗಳು, ಅದಕ್ಕೆ ಗೊತ್ತುಮಾಡಿರುವ ಮಿತಿ 150 ವ್ಯಾಟ್. ಹೆಸರು ಒಂದೇ ಇದ್ದರೂ ಇವು ಬೇರೆ ಬೇರೆ ಚಿಪ್‌ಗಳು.

ಲ್ಯಾಪ್‌ಟಾಪ್‌ಗಳ ನಡುವೆಯೂ ಹೀಗೇ. ಆರ್‌ಟಿಎಕ್ಸ್ 4060 ಲ್ಯಾಪ್‌ಟಾಪ್ ಚಿಪ್‌ಗೆ 35ರಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ನಿಗದಿ ಮಾಡುವ ಸ್ವಾತಂತ್ರ್ಯ ಲ್ಯಾಪ್‌ಟಾಪ್ ತಯಾರಕರಿಗಿದೆ. ತೆಳ್ಳನೆಯ, ಹಗುರ ಯಂತ್ರ ಮಾಡುವವರು ಕಡಿಮೆ ಕೊಡುತ್ತಾರೆ. ದಪ್ಪ ಯಂತ್ರ ಮಾಡುವವರು ಹೆಚ್ಚು ಕೊಡುತ್ತಾರೆ. ಡಬ್ಬಿಯ ಮೇಲಿನ ಸ್ಟಿಕ್ಕರ್ ಮಾತ್ರ ಎರಡಕ್ಕೂ ಒಂದೇ.

ವ್ಯಾಟ್ ಯಾಕೆ ಇಷ್ಟು ಮುಖ್ಯ? ಚಿಪ್ ನುಂಗುವ ವಿದ್ಯುತ್ತು ಅದರ ಗಡಿಯಾರದ ವೇಗ ಮತ್ತು ವೋಲ್ಟೇಜಿನ ವರ್ಗ, ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ವೇಗ ಹೆಚ್ಚಿಸಲು ವೋಲ್ಟೇಜನ್ನೂ ಏರಿಸಬೇಕು. ಎರಡನ್ನೂ ಶೇ. 10ರಷ್ಟು ಏರಿಸಿದರೆ ವಿದ್ಯುತ್ ಖರ್ಚು ಶೇ. 33ರಷ್ಟು ಏರುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರುತ್ತದೆ. ಆದ್ದರಿಂದ ಒಂದು ಲ್ಯಾಪ್‌ಟಾಪ್ ಎಷ್ಟು ಬಲಶಾಲಿ ಎಂದು ಕೇಳುವುದೂ ಅದು ಎಷ್ಟು ಬಿಸಿಯನ್ನು ಹೊರಗೆ ಹಾಕಬಲ್ಲದು ಎಂದು ಕೇಳುವುದೂ ಒಂದೇ.

ಬಿಸಿ ಹೋಗುವ ದಾರಿ

ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಚಪ್ಪಟೆಯಾದ ತಾಮ್ರದ ಕೊಳವೆಗಳು ಕಾಣುತ್ತವೆ. ನೋಡಲು ಬರೀ ತಾಮ್ರ, ಒಳಗೆ ಸಣ್ಣ ಮಳೆಗಾಲವೇ ಇದೆ. ಗಾಳಿ ತೆಗೆದ ಆ ಕೊಳವೆಯೊಳಗೆ ಒಂದಿಷ್ಟು ನೀರಿರುತ್ತದೆ. ಒತ್ತಡ ಕಡಿಮೆ ಇರುವುದರಿಂದ ನೀರು 100 ಡಿಗ್ರಿಗೆ ಬಹಳ ಮೊದಲೇ ಆವಿಯಾಗುತ್ತದೆ. ಚಿಪ್‌ನ ಬಳಿ ಎದ್ದ ಆವಿ ಇನ್ನೊಂದು ತುದಿಗೆ ಓಡಿ, ಫ್ಯಾನ್ ಗಾಳಿ ಬೀಸುವಲ್ಲಿ ಬಿಸಿ ಬಿಟ್ಟುಕೊಟ್ಟು ಹನಿಯಾಗುತ್ತದೆ, ಅನ್ನ ಬೇಯುವಾಗ ಮುಚ್ಚಳದ ಒಳಮೈಯಲ್ಲಿ ಹನಿಗೂಡುವ ಹಾಗೆ. ದೀಪದ ಬತ್ತಿ ಎಣ್ಣೆಯನ್ನು ಹೀರಿಕೊಳ್ಳುವಂತೆ ಕೊಳವೆಯ ಒಳಗೋಡೆಯ ನೇಯ್ಗೆ ಆ ಹನಿಯನ್ನು ಹೀರಿ ಚಿಪ್‌ನ ಬಳಿಗೆ ವಾಪಸ್ ತರುತ್ತದೆ. ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಜಾರ್ಜ್ ಗ್ರೋವರ್ 1963ರಲ್ಲಿ ಇಂಥ ಕೊಳವೆಯನ್ನು ಮಾಡಿ ತೋರಿಸಿದರು. ಅದು ಬಾಹ್ಯಾಕಾಶ ನೌಕೆಗಳನ್ನು ಹೊಕ್ಕು, ಈಗ ನಮ್ಮ ತೊಡೆಯ ಮೇಲೆ ಕೂತಿದೆ.

ಈ ವ್ಯವಸ್ಥೆ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ ಅಷ್ಟೆ. 27 ಡಿಗ್ರಿಯ ಬೆಂಗಳೂರಿನ ಕೋಣೆಯಲ್ಲಿ 85 ಡಿಗ್ರಿಗೆ ನಿಲ್ಲುವ ಚಿಪ್, 42 ಡಿಗ್ರಿಯ ಕಲಬುರಗಿಯಲ್ಲಿ ಅಷ್ಟೇ ಕೆಲಸ ಮಾಡಿದರೆ 100ರ ಹತ್ತಿರ ಹೋಗುತ್ತದೆ. ಅಲ್ಲಿಗೆ ಮುಟ್ಟುವ ಮೊದಲೇ ಅಥವಾ ಮುಟ್ಟಿದೊಡನೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತದೆ. ಅಳಿಯನ ಕಾರು ಮುಗ್ಗರಿಸಿದ್ದು ಇದೇ ಕಾರಣಕ್ಕೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರು ತೆಳ್ಳನೆಯ ಚೆಲುವಿಗೆ ಮರುಳಾಗದೆ, ದಪ್ಪ ಒಡಲಿನ, ಅಗಲ ಗಾಳಿಕಿಂಡಿಯ ಯಂತ್ರ ಆರಿಸಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕೇ.

ಪರದೆ, ಮೆಮೊರಿ, ಬ್ಯಾಟರಿ

ಉಳಿದದ್ದನ್ನು ಬೇಗ ನೋಡೋಣ. ಪರದೆ 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಚಿತ್ರ ತೋರಿಸುವಂಥದ್ದು, ಇದ್ದರೆ ಸಾಕು. ಆದರೆ ಎಸ್‌ಆರ್‌ಜಿಬಿ ಎಂಬ ಬಣ್ಣದ ಅಳತೆಯ ಶೇ. 100ರಷ್ಟನ್ನು ಅದು ತೋರಿಸುತ್ತದೆಯೇ ಎಂದು ಕೇಳಿ. ಅಗ್ಗದ ಪರದೆಗಳಲ್ಲಿ ಬಣ್ಣ ಪೇಲವ, ಓಡುವ ವಸ್ತುವಿನ ಹಿಂದೆ ಮಸುಕು ಬಾಲ. 2560 × 1600 ಪರದೆಯಲ್ಲಿ ಫುಲ್ ಎಚ್‌ಡಿಯ ಸುಮಾರು ಎರಡರಷ್ಟು ಚುಕ್ಕೆಗಳಿರುವುದರಿಂದ, ಸಣ್ಣ ಜಿಪಿಯು ಜೊತೆ ಅದನ್ನು ಕೊಳ್ಳಬೇಡಿ. ಜಿಪಿಯು ಬರೆದ ಚಿತ್ರವನ್ನು ನೇರವಾಗಿ ಪರದೆಗೆ ಕಳಿಸುವ ‘ಮಕ್ಸ್ ಸ್ವಿಚ್’ ಇದ್ದರೆ ಒಳ್ಳೆಯದು.

ರ್‍ಯಾಮ್ 16 ಜಿಬಿಗೆ ಕಡಿಮೆ ಬೇಡ. ಅದು 8ರ ಎರಡು ತುಂಡುಗಳಾಗಿದ್ದರೆ ದತ್ತಾಂಶ ಎರಡು ಹಾದಿಯಲ್ಲಿ ಹರಿಯುತ್ತದೆ. ‘ರೆಡ್ ಡೆಡ್ ರಿಡೆಂಪ್ಶನ್ 2’, ‘ಬಾಲ್ಡರ್ಸ್ ಗೇಟ್ 3’ ಆಟಗಳು ತಲಾ 150 ಜಿಬಿ ಜಾಗ ಕೇಳುತ್ತವೆ. ಹಾಗಾಗಿ ಎಸ್‌ಎಸ್‌ಡಿ 1 ಟಿಬಿ ಇರಲಿ. ಹೆಚ್ಚಿನ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಮುಂದೆ ಬದಲಿಸಬಹುದು. ಜಿಪಿಯುವನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅದು ಕೊಂಡದ್ದೇ ಕೊನೆ.

ಬ್ಯಾಟರಿಯ ಮೇಲೆ ಆಟ ಆಡುವ ಆಸೆ ಬಿಡಿ. ವಿಮಾನದಲ್ಲಿ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಗಂಟೆ. ಅದಕ್ಕೇ ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿ 99ರ ಆಸುಪಾಸಿಗೆ ನಿಲ್ಲುತ್ತದೆ. ಇಡೀ ಯಂತ್ರ 200 ವ್ಯಾಟ್ ಎಳೆದರೆ ಅದು ಅರ್ಧ ಗಂಟೆಗೆ ಬರಿದು. ಪ್ಲಗ್ ತೆಗೆದೊಡನೆ ಯಂತ್ರ ತಾನೇ ವೇಗ ಇಳಿಸಿಕೊಳ್ಳುವುದೂ ಇದಕ್ಕಾಗಿಯೇ.

ಅಂಗಡಿಗೆ ಹೋದಾಗ

ಕಲಬುರಗಿಯ ಕಥೆ ಮುಗಿಸುತ್ತೇನೆ. ಗೆಳೆಯನಿಗೆ ವಿಡಿಯೊ ಕಾಲ್ ಮಾಡಿ ಎರಡೂ ಯಂತ್ರಗಳ ವಿವರ ತೆರೆಸಿದೆವು. ಗೆಳೆಯನದು 115 ವ್ಯಾಟ್, ಅಳಿಯನದು 75. ಆಮೇಲೆ ಲ್ಯಾಪ್‌ಟಾಪಿನ ತಳ ಬಿಚ್ಚಿದೆವು. ಫ್ಯಾನ್ ಮತ್ತು ತಾಮ್ರದ ಎಸಳುಗಳ ನಡುವೆ ಧೂಳು ಕಂಬಳಿಯ ತುಂಡಿನ ಹಾಗೆ ಹೆಪ್ಪುಗಟ್ಟಿತ್ತು. ಚಿಮಟದಲ್ಲಿ ಹಿಡಿದು ಎಳೆದರೆ ಒಂದೇ ಪದರವಾಗಿ ಎದ್ದು ಬಂತು. ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆಹಿಡಿದು ಮೆತ್ತನೆಯ ಬ್ರಷ್ಷಿನಿಂದ ಉಳಿದದ್ದನ್ನು ತೆಗೆದೆವು. ಹಿಂಬದಿಗೆ ಎರಡು ಬೆರಳಿನಷ್ಟು ಎತ್ತರ ಕೊಟ್ಟು, ಆಟವನ್ನು ಸೆಕೆಂಡಿಗೆ 60 ಚಿತ್ರಕ್ಕೆ ಕಟ್ಟಿಹಾಕಿದೆವು. ಕಾರು ಮತ್ತೆ ಮುಗ್ಗರಿಸಲಿಲ್ಲ. ಕಳೆದುಕೊಂಡ 40 ವ್ಯಾಟ್ ಮಾತ್ರ ವಾಪಸ್ ಬರುವಂಥದ್ದಲ್ಲ, ಅದನ್ನು ಕೊಳ್ಳುವ ದಿನವೇ ಕೇಳಬೇಕಿತ್ತು.

ಹಾಗಾಗಿ ನೀವು ಕೇಳಿ. ಲ್ಯಾಪ್‌ಟಾಪಿನ ತಾಂತ್ರಿಕ ವಿವರಪಟ್ಟಿಯಲ್ಲಿ ‘ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್’ ಅಥವಾ ‘ಟಿಜಿಪಿ’ ಎಷ್ಟು ವ್ಯಾಟ್ ಎಂದು ನೋಡಿ. ಎನ್‌ವಿಡಿಯಾ ಚಿಪ್ ಆದರೆ ಅಂಗಡಿಯ ಪ್ರದರ್ಶನದ ಯಂತ್ರದಲ್ಲಿ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಸಿಸ್ಟಮ್ ಇನ್ಫರ್ಮೇಷನ್ ತೆರೆದರೂ ಸಿಗುತ್ತದೆ. ಅವಕಾಶ ಕೊಟ್ಟರೆ ಒಂದು ಆಟವನ್ನು ಇಪ್ಪತ್ತು ನಿಮಿಷ ಓಡಿಸಿ. ಮೊದಲ ನಿಮಿಷದ ವೇಗವನ್ನಲ್ಲ, ಇಪ್ಪತ್ತನೆಯ ನಿಮಿಷದ ವೇಗವನ್ನು ಬರೆದುಕೊಳ್ಳಿ. ಗಾಳಿಕಿಂಡಿಯ ಬಳಿ ಕೈ ಹಿಡಿದು ಬಿಸಿಗಾಳಿ ಜೋರಾಗಿ ಹೊರಬರುತ್ತಿದೆಯೇ ನೋಡಿ. ಎರಡು ಲ್ಯಾಪ್‌ಟಾಪ್‌ಗಳ ನಡುವೆ ಮನಸ್ಸು ಹೊಯ್ದಾಡಿದರೆ, ಚಿಪ್ ಒಂದೇ ಆಗಿದ್ದು ವ್ಯಾಟ್ ಹೆಚ್ಚಿರುವುದನ್ನೂ ಉಸಿರಾಟ ಚೆನ್ನಾಗಿರುವುದನ್ನೂ ಕೊಳ್ಳಿ. ವ್ಯಾಟ್ ಎಷ್ಟೆಂದು ಹೇಳಲು ಒಪ್ಪದ ಅಂಗಡಿಯಲ್ಲಿ ಮಾತ್ರ ದುಡ್ಡು ಕೊಡಬೇಡಿ.