ಕಡಲಡಿಯಲ್ಲಿ ಹಾದಿ ಹಾಕಿದ ಫುಂಕೆ ಒಪೆಕೆ

ಮಗಳು ಇಂಜಿನಿಯರಿಂಗ್ ಓದಿ ಪರದೇಶಕ್ಕೆ ಹೊರಟಳೆಂದರೆ ನಮ್ಮ ಮನೆಗಳಲ್ಲಿ ಹೆಮ್ಮೆಯ ಜೊತೆಗೇ ಒಂದು ಕಳವಳವೂ ಹುಟ್ಟುತ್ತದೆ. ಕಲಿತ ವಿದ್ಯೆ ಹುಟ್ಟಿದ ನೆಲಕ್ಕೆ ಎಂದಾದರೂ ಒದಗೀತೇ ಎಂದು. ಸುಮಾರು 20 ವರ್ಷ ಅಮೆರಿಕದಲ್ಲಿದ್ದು 2005ರಲ್ಲಿ ತಾಯ್ನಾಡಿಗೆ ಮರಳಿದ ನೈಜೀರಿಯದ ಫುಂಕೆ ಒಪೆಕೆಯವರ ವೃತ್ತಾಂತವನ್ನು ಓದುಗ ಬಂಧುಗಳ ಮುಂದಿಡಲು ನಮಗೆ ಇದೇ ಕಾರಣ.

ಒಪೆಕೆಯವರು ಬೆಳೆದದ್ದು ಇಬಾದಾನ್ ನಗರದಲ್ಲಿ, 9 ಮಂದಿಯ ಕುಟುಂಬದಲ್ಲಿ. ತಂದೆ ಅಲ್ಲಿಯ ಕೋಕೋ ಸಂಶೋಧನಾ ಸಂಸ್ಥೆಗೆ ನಿರ್ದೇಶಕರಾದ ಮೊದಲ ನೈಜೀರಿಯನ್ನರು, ತಾಯಿ ಶಿಕ್ಷಕಿ. ಇಲೆ-ಇಫೆಯಲ್ಲಿ, ಇಂದು ಒಬಾಫೆಮಿ ಆವೊಲೊವೊ ಹೆಸರಿನಲ್ಲಿರುವ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪದವಿ, ಬಳಿಕ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ, ವೆರಿಜಾನ್ ಸಂಸ್ಥೆಯಲ್ಲಿ ಉನ್ನತ ಹುದ್ದೆ. ಇಷ್ಟಕ್ಕೇ ನಿಂತಿದ್ದರೂ ಅದು ಸಾರ್ಥಕ ಜೀವನವೇ.

ಎಂಟಿಎನ್ ದೂರವಾಣಿ ಕಂಪನಿಯ ಮುಖ್ಯ ತಾಂತ್ರಿಕ ಅಧಿಕಾರಿಯಾಗಿ ಅವರು ಮರಳಿದಾಗ ನೈಜೀರಿಯದಲ್ಲಿ ಇಂಟರ್ನೆಟ್ ಎಂಬುದು ನಿಧಾನ, ಜೊತೆಗೆ ಬಲು ದುಬಾರಿ. ಹೆಚ್ಚಿನ ಸಂಪರ್ಕ ಉಪಗ್ರಹದ ಮೂಲಕವೇ ಆಗಬೇಕಿತ್ತು. ಕಡಲಡಿಯಿಂದ ಬಂದಿದ್ದ ಸ್ಯಾಟ್-3 ಎಂಬ ಒಂದೇ ಕೇಬಲ್ಲಿನ ಪಾಲು ಸರ್ಕಾರಿ ದೂರವಾಣಿ ಸಂಸ್ಥೆಯ ಕೈಯಲ್ಲಿತ್ತು. ಮತ್ತೊಂದು ಕೇಬಲ್ಲನ್ನು ನಾವೇ ಏಕೆ ಎಳೆಯಬಾರದು ಎಂದು ಆಲೋಚಿಸಿದ ಒಪೆಕೆಯವರು 2008ರಲ್ಲಿ ಮೇನ್‌ಒನ್ ಕಂಪನಿಯನ್ನು ಸ್ಥಾಪಿಸಿದರು.

ಬೇಕಾಗಿದ್ದುದು ಸುಮಾರು 24 ಕೋಟಿ ಡಾಲರ್! ಅದೇ ವರ್ಷ ಅಮೆರಿಕ, ಯುರೋಪುಗಳ ದೊಡ್ಡ ದೊಡ್ಡ ಬ್ಯಾಂಕುಗಳೇ ತತ್ತರಿಸುತ್ತಿದ್ದವು. ಹಣದ ಬಹುಪಾಲನ್ನು ಆಫ್ರಿಕದ ಬ್ಯಾಂಕುಗಳು ಹಾಗೂ ಹೂಡಿಕೆದಾರರಿಂದಲೇ ಅವರು ಹೊಂದಿಸಿದರೆಂಬುದು ನಮ್ಮ ದೃಷ್ಟಿಯಲ್ಲಿ ಕೇಬಲ್ ಎಳೆದುದಕ್ಕಿಂತಲೂ ದೊಡ್ಡ ಸಾಧನೆ. ಕೂದಲೆಳೆಯಷ್ಟು ಸಣ್ಣ ಗಾಜಿನ ತಂತುಗಳಲ್ಲಿ ಬೆಳಕಿನ ರೂಪದಲ್ಲಿ ಮಾತು, ಅಕ್ಷರ, ಚಿತ್ರಗಳು ಓಡುತ್ತವೆ. ದೂರ ಸಾಗಿದಂತೆ ಬೆಳಕು ಮಂಕಾಗುವುದರಿಂದ ನಡುನಡುವೆ ಅದಕ್ಕೆ ಬಲ ತುಂಬುವ ಸಾಧನಗಳನ್ನು ಕೂಡಿಸಿ, ಹಡಗಿನಿಂದ ಮೆಲ್ಲನೆ ಕಡಲಿಗೆ ಇಳಿಸಬೇಕು. ಹೀಗೆ ಪೋರ್ಚುಗಲ್ಲಿನಿಂದ ಘಾನಾದ ಆಕ್ರಾ, ನೈಜೀರಿಯದ ಲಾಗೋಸ್‌ವರೆಗೆ ಸುಮಾರು 7,000 ಕಿಲೋಮೀಟರ್ ಉದ್ದದ ಕೇಬಲ್ 2010ರ ಜುಲೈನಲ್ಲಿ ಕಾರ್ಯಾರಂಭ ಮಾಡಿತು. ಪಶ್ಚಿಮ ಆಫ್ರಿಕದಲ್ಲಿ ಖಾಸಗಿ ಒಡೆತನದ ಇಂತಹ ಕೇಬಲ್ ಇದೇ ಮೊದಲು.

ಕೆರೆ ತುಂಬಿದ ಮಾತ್ರಕ್ಕೆ ಹೊಲಕ್ಕೆ ನೀರು ಹರಿಯುವುದೇ? ಲಾಗೋಸ್ ದಂಡೆಗೆ ಬಂದ ಸಂಪರ್ಕವನ್ನು ಒಳನಾಡಿಗೆ ಕೊಂಡೊಯ್ಯುವ ತಂತಿಜಾಲವೇ ಸಾಲದಾಗಿತ್ತು. ದೂರುತ್ತ ಕೂರದೆ ಅವರ ಕಂಪನಿ ನೆಲದ ಮೇಲೆಯೂ ಜಾಲ ಹಬ್ಬಿಸಿತು. 2015ರಲ್ಲಿ ಲಾಗೋಸಿನ ಲೆಕ್ಕಿಯಲ್ಲಿ ದತ್ತಾಂಶ ಕೇಂದ್ರವನ್ನೂ ತೆರೆಯಿತು. ಕಾಯಕವೆಂಬ ಮಾತನ್ನು ನಿತ್ಯ ಬಳಸುವ ನಮಗೆ ಈ ಎರಡನೆಯ ಹಂತವೇ ಹೆಚ್ಚು ಹತ್ತಿರವೆನಿಸುತ್ತದೆ. ಉದ್ಘಾಟನೆಯ ಗದ್ದಲ ಮುಗಿದ ಮೇಲಿನ ದುಡಿಮೆ ಇದು.

2022ರಲ್ಲಿ ಅಮೆರಿಕದ ಈಕ್ವಿನಿಕ್ಸ್ ಸಂಸ್ಥೆ 32 ಕೋಟಿ ಡಾಲರಿಗೆ ಮೇನ್‌ಒನ್ ಅನ್ನು ಕೊಂಡಿತು. ಸ್ವದೇಶಿ ಉದ್ಯಮವೊಂದು ಪರರ ಕೈಸೇರಿತಲ್ಲ ಎಂಬ ಸಣ್ಣ ಬೇಸರ ನಮಗೆ ಇಲ್ಲದಿಲ್ಲ. ಆದರೆ 2024ರ ಮಾರ್ಚ್ 14ರಂದು ಐವರಿ ಕೋಸ್ಟ್ ಬಳಿ ಕಡಲಡಿಯಲ್ಲಿ ಈ ಕೇಬಲ್ಲೂ ಇನ್ನಿತರ ಕೇಬಲ್ಲುಗಳೂ ಒಟ್ಟಿಗೆ ತುಂಡಾದಾಗ ಹಲವು ದೇಶಗಳಲ್ಲಿ ಬ್ಯಾಂಕು, ಕಚೇರಿಗಳ ವ್ಯವಹಾರ ಅಸ್ತವ್ಯಸ್ತವಾಯಿತು. ಕಣ್ಣಿಗೆ ಕಾಣದ ಆ ತಂತಿಯನ್ನು ಎಷ್ಟು ಮಂದಿ ನೆಚ್ಚಿಕೊಂಡಿದ್ದರೆಂಬುದು ಅಂದು ಎಲ್ಲರಿಗೂ ತಿಳಿಯಿತು.