ಬೇಸಗೆಯ ಹಿತ್ತಿಲು

ಸಂಸೆಯ ಮನೆಗಳ ಹಿತ್ತಿಲೆಂದರೆ ಬಾಳೆ, ದಾಸವಾಳ, ಕರಿಬೇವುಗಳಿಗೆ ಮುಗಿಯತಕ್ಕದ್ದಲ್ಲ. ಅವನ್ನು ದಾಟಿದೊಡನೆಯೇ ಕಾಫಿಯ ತೋಟ, ಅದರಾಚೆಗೆ ಕುದುರೆಮುಖದ ಕಾಡು. ಆದುದರಿಂದ ಹಕ್ಕಿಹುಳುಗಳಿಗೂ ನಮಗೂ ನೆರೆಹೊರೆಯ ಸಂಬಂಧವು ತಾನಾಗಿಯೇ ಏರ್ಪಟ್ಟಿದೆ. ಈ ನೆರೆಯವರನ್ನು ನೋಡಿ ಅರಿಯಲು ಬೇಸಗೆಯು ತಕ್ಕ ಕಾಲ.

ಮೊದಲು ಹೊಲಿಗೆ ಬಲ್ಲ ಇಬ್ಬರನ್ನು ನೋಡೋಣ. ಟುವ್ವಿಹಕ್ಕಿಯು ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ತೂತುಮಾಡಿ, ಹತ್ತಿಯ ಎಳೆಯನ್ನೋ ಜೇಡನ ನೂಲನ್ನೋ ತೂರಿಸಿ, ಚೀಲದಂತೆ ಹೊಲಿದು ಅದರೊಳಗೆ ಗೂಡು ಕಟ್ಟುವುದು. ಚಗಳಿ ಇರುವೆಗಳ ರೀತಿಯೇ ಬೇರೆ. ಕೆಲವು ಸಾಲಾಗಿ ನಿಂತು ಎಲೆಗಳನ್ನು ಹತ್ತಿರಕ್ಕೆಳೆದು ಹಿಡಿದಿರಲು, ಮಿಕ್ಕವು ಮರಿಹುಳುಗಳನ್ನು ಬಾಯಲ್ಲಿ ಹಿಡಿದು ತಂದು, ಅವು ಸೂಸುವ ರೇಷ್ಮೆಯಿಂದ ಎಲೆಗಳನ್ನು ಬೆಸೆಯುವುವು. ಚಟ್ನಿಗೆಂದು ಚಗಳಿಯ ಗೂಡನ್ನು ಇಳಿಸುವವರು ಈ ಕೆಲಸವನ್ನೂ ಒಮ್ಮೆ ನಿಂತು ನೋಡಬೇಕು.

ದಾಸವಾಳದ ಮಧುವನ್ನು ಹೀರುವ ಸೂರಕ್ಕಿಯು ತನ್ನ ಮರಿಗಳಿಗೆ ಕೊಡುವುದು ಹುಳು, ಜೇಡಗಳನ್ನು. ನಾವು ಹುಳುವಿಗೆಂದು ಗಿಡಕ್ಕೆ ಎರಚಿದ ವಿಷವು ಆ ಮರಿಗಳ ಬಾಯಿಗೂ ಹೋಗಬಹುದೆಂಬುದನ್ನು ಮರೆಯಲಾಗದು.

ಹೂಮಳೆ ಬಿದ್ದ ಒಂದು ವಾರ, ಹತ್ತು ದಿನಗಳಲ್ಲಿ ಕಾಫಿಯು ಬೆಳ್ಳಗೆ ಅರಳುವುದು. ಎರಡು ಮೂರು ದಿನಗಳಲ್ಲಿ ಬಾಡುವುದು. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿಕಟ್ಟಬಲ್ಲದು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗ ಬೇಕು. ಅದನ್ನು ಗಾಳಿಯೂ ಜೇನೂ ಸಾಗಿಸಬೇಕು. ಹೆಜ್ಜೇನು, ತುಡುವೆ, ಮಿಸರಿ ಎಲ್ಲವೂ ಆ ದಿನಗಳಲ್ಲಿ ಬೆಳಗಿನಿಂದಲೇ ದುಡಿಯುವುವು. 1991ರಲ್ಲಿ ದಕ್ಷಿಣ ಭಾರತದಲ್ಲಿ ತಲೆದೋರಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗವು ತುಡುವೆಯ ಮರಿಹುಳುಗಳನ್ನು ಕೊಂದು ಪೆಟ್ಟಿಗೆ ಪೆಟ್ಟಿಗೆಗಳನ್ನೇ ಬರಿದುಮಾಡಿತು. ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು; ಹೂವಿನ ದಿನಗಳಲ್ಲಿ ಸಿಂಪಡಣೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲೇ ಇದೆ.

ಇನ್ನು ಬೇಲಿಯ ಮಾತು. ಕಳೆಯೆಂದು ನಾವು ಕೀಳುವ ಈಶ್ವರಿ ಬಳ್ಳಿಯ ಮೇಲೆಯೇ ಕಪ್ಪು ಹಳದಿ ರೆಕ್ಕೆಯ, ಅಂಗೈಗಿಂತ ಅಗಲವಾದ ನಮ್ಮ ರಾಜ್ಯದ ಚಿಟ್ಟೆಯು ಮೊಟ್ಟೆಯಿಡುವುದು. ಬಳ್ಳಿಯಿಲ್ಲದೆ ಅದರ ಮರಿಹುಳುವಿಗೆ ಆಹಾರವಿಲ್ಲ.

ಗೃಹಿಣಿಯರು ಮಾಡತಕ್ಕದ್ದು ಹೆಚ್ಚೇನಿಲ್ಲ. ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಜೇನು ಕೂರಲು ನಾಲ್ಕು ಕಲ್ಲು ಹಾಕಿ, ಸೊಳ್ಳೆಯಾಗದಂತೆ ದಿನವೂ ನೀರನ್ನು ಬದಲಿಸಲಿ. ಬೇಲಿಯ ಒಂದು ಮೂಲೆಯನ್ನು ಕಡಿಯದೆ ಬಿಡಲಿ. ಗೂಡನ್ನು ದೂರದಿಂದ ನೋಡಲು, ಮುಟ್ಟದಿರಲು ಮಕ್ಕಳಿಗೆ ಹೇಳಿಕೊಡಲಿ. ರಜೆಯ ದಿನಗಳಲ್ಲಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯು ಮನೆಯ ಹತ್ತಿರದಲ್ಲಿ ಸಿಕ್ಕಲಾರದು.